ಹತ್ತು ನಿಮಿಷದ ಹಂಪಿ

ಡೊಂಬಿವಲಿಯ ನಮ್ಮ ನೆರೆಯವರೊಬ್ಬರು ಮಗನ ಮನೆಗೆಂದು ಅಮೆರಿಕೆಗೆ ಹೋಗಿ ಬಂದರು. ಬಂದ ವಾರದಲ್ಲೇ ನಮ್ಮನ್ನು ಕರೆದು, ಗ್ರ್ಯಾಂಡ್ ಕ್ಯಾನ್ಯನ್ ಎಂಬ ಮರುಭೂಮಿಯ ಮಹಾಕಂದರವನ್ನು ಹೆಲಿಕಾಪ್ಟರಿನಿಂದ ತೆಗೆದ ಚಿತ್ರ ತೋರಿಸಿದರು. ಚಿತ್ರ ಚೆನ್ನಾಗಿತ್ತು, ಚಹಾವೂ ಚೆನ್ನಾಗಿತ್ತು. ಕೊನೆಗೆ ಅಂದ ಮಾತು ಮಾತ್ರ ನಮಗೆ ಹಿಡಿಸಲಿಲ್ಲ: "ರಾಯರೇ, ಸಂಘದ ಪ್ರವಾಸವನ್ನು ಹಂಪಿ ಉತ್ಸವದ ಹೊತ್ತಿಗೇ ಇಡೋಣ. ಹೆಲಿಕಾಪ್ಟರ್ ಇರುತ್ತದೆ. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ."

ಮುಗಿಸುವುದಕ್ಕೆ ಹಂಪಿಯೇನು ನಮ್ಮ ಕಚೇರಿಯ ಫೈಲೇ?

ಅಮೆರಿಕೆಯನ್ನು ಅನುಕರಿಸುವವರು ಪೂರ್ತಿ ಅನುಕರಿಸಲಿ. 1986ರ ಜೂನ್ 18ರಂದು ಅದೇ ಕಂದರದ ಮೇಲೆ ಪ್ರವಾಸಿಗರ ವಿಮಾನವೂ ಹೆಲಿಕಾಪ್ಟರೂ ಡಿಕ್ಕಿ ಹೊಡೆದು 25 ಮಂದಿ ಸತ್ತರು. ಮರುವರ್ಷವೇ ಅಲ್ಲಿನ ಸಂಸತ್ತು ಕಾಯಿದೆ ಮಾಡಿ, ಉದ್ಯಾನದೊಳಗೆ ಕಂದರದ ಅಂಚಿಗಿಂತ ಕೆಳಗೆ ಹಾರುವುದನ್ನು ನಿಷೇಧಿಸಿತು. ಆ ಕಾಯಿದೆಯ ಇನ್ನೊಂದು ಉದ್ದೇಶ ಅಲ್ಲಿನ ಸಹಜ ನಿಶ್ಶಬ್ದವನ್ನು ಮರಳಿ ತರುವುದು. ನಮ್ಮಲ್ಲೂ ತಿಳಿದವರಿದ್ದಾರೆ. 2021ರಲ್ಲಿ ಮೈಸೂರಿನ ಲಲಿತಮಹಲ್ ಬಳಿ ಹೆಲಿಕಾಪ್ಟರ್ ಪ್ರವಾಸಕ್ಕಾಗಿ ನೂರಾರು ಮರ ಕಡಿಯುವ ಮಾತು ಎದ್ದಾಗ ಊರಿನವರೇ ತಡೆದರು.

ಓದಿದ್ದು ಬಿ.ಎಸ್‌ಸಿ., ಮಾಡುವುದು ಗುಮಾಸ್ತಿಕೆ. ಆದರೂ ಕಲ್ಲು ಕಂಡರೆ ನಮಗೆ ಹಳೆಯ ಪಾಠ ನೆನಪಾಗುತ್ತದೆ. ಅಮೆರಿಕೆಯ ಆ ಕಂದರದ ತಳದಲ್ಲಿರುವ ಶಿಲೆಯ ವಯಸ್ಸು 170-180 ಕೋಟಿ ವರ್ಷ. ನಮ್ಮ ಹಂಪಿಯ ಗ್ರಾನೈಟಿನದು ಸುಮಾರು 250 ಕೋಟಿ! ಆ ಗುಂಡುಗಳನ್ನು ಯಾರೂ ತಂದು ಪೇರಿಸಿದ್ದಲ್ಲ. ಬಂಡೆ ಇದ್ದಲ್ಲೇ ಬಿರಿದು, ಮಳೆ ಬಿಸಿಲಿಗೆ ಮೂಲೆ ಸವೆದು, ಉರುಟಾಗಿ ನಿಂತಿದೆ. ಹತ್ತಿರ ಹೋಗಿ ಕೈಯಿಟ್ಟರೆ ಆ ಬಿರುಕು ಸಿಗುತ್ತದೆ. ಆಕಾಶದಿಂದ ನೋಡಿದರೆ ಅದೆಲ್ಲ ಜಲ್ಲಿಯ ರಾಶಿ. ವಿರೂಪಾಕ್ಷನ ಗುಡಿಯ ಮುಂದಿನ ಬಜಾರಿನ ಮಂಟಪಗಳಲ್ಲಿ ಬಾಳಿದ ಸಂಸಾರಗಳನ್ನು 2011ರಲ್ಲಿ ಎಬ್ಬಿಸಿದರು. ಊರು ಬಿಟ್ಟು ಬಂದ ನಾವಾದರೂ ಆ ಖಾಲಿ ಬೀದಿಯಲ್ಲಿ ಒಮ್ಮೆ ನಡೆಯಬೇಡವೇ?

ಮಕ್ಕಳ ಮಾತು ಬೇರೆಯೇ ಇದೆ. ಕಲ್ಯಾಣ, ಠಾಣೆಯ ಶಾಲೆಗಳಲ್ಲಿ ಓದುವ ನಮ್ಮ ಮಕ್ಕಳಿಗೆ ಕನ್ನಡ ಎಂದರೆ ಅಜ್ಜಿಯ ಫೋನು. ಹೆಲಿಕಾಪ್ಟರಿನ ಗದ್ದಲದಲ್ಲಿ ಯಾವ ಭಾಷೆಯೂ ಕೇಳಿಸದು. ಹೇಮಕೂಟದ ಬುಡದಲ್ಲಿ ಎಳನೀರು ಮಾರುವವಳ ಹತ್ತಿರ "ಎಷ್ಟಮ್ಮಾ?" ಎಂದು ಕೇಳಿ, ಅವಳಾಡುವ ಬಳ್ಳಾರಿ ಕಡೆಯ ಕನ್ನಡಕ್ಕೆ ತಬ್ಬಿಬ್ಬಾಗಿ ನಿಂತರೆ, ಅಷ್ಟಾದರೂ ಬಾಯಿಗೆ ಬಂತು. ತಲೆಗೆ ಸಾವಿರಾರು ರೂಪಾಯಿ ತೆತ್ತು ಅದನ್ನೂ ಕಳೆದುಕೊಳ್ಳುವುದೇ?

ನಡೆಯಲಾರದ ಹಿರಿಯರ ಗತಿಯೇನು ಎಂದು ನೆರೆಯವರು ಕೇಳಿದರು. ನ್ಯಾಯವಾದ ಪ್ರಶ್ನೆ. ಹೇಮಕೂಟ ತಗ್ಗಾದ ಗುಡ್ಡ, ನಿಧಾನವಾಗಿ ಹತ್ತಬಹುದು. ಮಾತಂಗ ಬೆಟ್ಟವನ್ನು ಬೆಳಗಿನ ಜಾವ ಗಟ್ಟಿಗರು ಏರಲಿ. ಉಳಿದವರು ಹೊಳೆಯ ದಂಡೆಯಲ್ಲಿ ಕೂತಿರಲಿ.

ಮೊದಲು ಒಂದು ಭಾನುವಾರ ಕರ್ಜತ್ ಲೋಕಲ್ ಹಿಡಿದು ನೇರಳಿಗೆ ಇಳಿದು ಮಾಥೇರಾನಿಗೆ ಹೋಗೋಣ. ಅಲ್ಲಿ ಎಂಥವರ ಕಾರೂ ದಸ್ತುರಿ ನಾಕಾದಲ್ಲೇ ನಿಲ್ಲಬೇಕು. ಪನೋರಮಾ ಪಾಯಿಂಟಿನ ತನಕ ಕೆಂಪು ಮಣ್ಣಿನ ದಾರಿಯಲ್ಲಿ ನೆರೆಯವರನ್ನೂ ನಡೆಸಿಕೊಂಡು ಹೋಗುವ ಹೊಣೆ ನಮ್ಮದು. ಬುತ್ತಿಯೂ ನಮ್ಮದೇ. ಹಂಪಿಯ ದಿನಾಂಕವನ್ನು ಆಮೇಲೆ ಸಮಿತಿಯವರು ನಿಶ್ಚಯಿಸಲಿ.