ನಿಮ್ಮ ಟರ್ನ್‌ಟೇಬಲ್ ಊರು ಕಂಡಿದೆಯಾ?

ಶನಿವಾರ ಸಂಜೆ. ಎಚ್‌ಎಸ್‌ಆರ್ ಲೇಔಟಿನ ಒಂದು ಫ್ಲ್ಯಾಟಿನಲ್ಲಿ ನಾಲ್ಕು ಜನ ಗಂಡಸರು ಒಂದು ಟರ್ನ್‌ಟೇಬಲ್ ಸುತ್ತ ಮೊಣಕಾಲೂರಿ ಕೂತಿದ್ದೇವೆ. ಒಬ್ಬನ ಕೈಯಲ್ಲಿ ಮುಳ್ಳಿನ ಭಾರ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ. ಇನ್ನೊಬ್ಬ ಮೊಬೈಲಿನಲ್ಲೇ ರಸಮಟ್ಟ ನೋಡುತ್ತಿದ್ದಾನೆ. "1.8 ಗ್ರಾಂಗೆ ಇಡು ಮಗಾ." "ಇಲ್ಲ ಗುರೂ, 2 ಇದ್ರೇನೇ ಬಾಸ್ ಬರೋದು." ಹೀಗೇ ಒಂದೂವರೆ ತಾಸು ನಡೀತು. ಕೊನೆಗೆ ಹಾಕಿದ್ದು 1973ರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’. ನಾಲ್ವರ ಮನೆಯಲ್ಲೂ ಇರೋದು ಅದೇ. ಮೊದಲ ಬದಿ ಮುಗಿಯುವ ಮುಂಚೆ ಬಿರಿಯಾನಿ ಬಂತು, ಎಲ್ಲರೂ ಎದ್ದರು.

ಈ ನಾಲ್ವರಲ್ಲಿ ನಾನೂ ಒಬ್ಬ. ಹನ್ನೆರಡು ಇಎಂಐ ಕಟ್ಟಿ ಟರ್ನ್‌ಟೇಬಲ್ ತಂದವನು. ಹಾಗಾಗಿ ಇವತ್ತು ಬೈಯೋದೆಲ್ಲ ಮೊದಲು ನನಗೇ, ಆಮೇಲೆ ನಿಮಗೆ.

ಒಳ್ಳೆ ಟರ್ನ್‌ಟೇಬಲ್ ಕೊಂಡವರ ಅನುಭವ ಕೇಳಿ ನೋಡಿ. ಬೆಲ್ಟ್ ಡ್ರೈವ್ ಒಳ್ಳೇದೋ ಡೈರೆಕ್ಟ್ ಡ್ರೈವೋ ಅಂತ ಅರ್ಧ ದಿನ ಮಾತಾಡುತ್ತಾರೆ. 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಮನೆಯಲ್ಲಿ ಕೂತು ಕೇಳುವವರಿಗೆಂದು ಹುಟ್ಟಿ ಡೀಜೆಗಳ ಕೈಗೆ ಹೋಯಿತು, 2010ರಲ್ಲಿ ನಿಂತಿತು, 2016ರಲ್ಲಿ ಮತ್ತೆ ಬಂತು ಅಂತ ಇತಿಹಾಸ ಹೇಳುತ್ತಾರೆ. ಸ್ಕಾಟ್ಲೆಂಡಿನ ಲಿನ್ ಎಲ್‌ಪಿ12 ಐವತ್ತು ವರ್ಷದಿಂದ ಅದೇ ಹೆಸರಲ್ಲಿ ಮಾರಾಟ ಆಗ್ತಾ ಇದೆ, ಬಿಡಿಭಾಗ ಮಾತ್ರ ಬದಲಿಸ್ತಾ ಹೋಗಬಹುದು ಅಂತ ಭಕ್ತಿಯಿಂದ ಹೇಳುತ್ತಾರೆ. ಎಲ್ಲ ಖರೆ. ಆದರೆ "ಅದರಲ್ಲಿ ಏನು ಕೇಳಿದ್ರಿ?" ಅಂತ ಕೇಳಿ. ಮಾತು ಮತ್ತೆ ಕೇಬಲ್ಲಿಗೆ ಹೋಗುತ್ತದೆ.

ಹಾಗಂತ "ಇದೆಲ್ಲ ಶೋಕಿ, ಐದು ಸಾವಿರದ ಸೂಟ್‌ಕೇಸ್ ಪ್ಲೇಯರ್ ಸಾಕು" ಅನ್ನುವವರ ಕಡೆಯವನೂ ಅಲ್ಲ ನಾನು. ಆ ತಪ್ಪನ್ನೂ ಮಾಡಿ ಬಂದಿದ್ದೇನೆ.

ನಮ್ಮ ಮನೆತನ ಗಜೇಂದ್ರಗಡದ್ದು. ದೊಡ್ಡಪ್ಪನದು ಮೈಕ್ ಸೆಟ್ಟಿನ ದಂಧೆ. 60ರ ದಶಕದಿಂದ ಕ್ಯಾಸೆಟ್ ಬರುವವರೆಗೆ ರೋಣ, ನರಗುಂದ, ಗಜೇಂದ್ರಗಡ ಸುತ್ತಲಿನ ಮದುವೆ, ಜಾತ್ರೆ, ನಾಟಕಗಳಿಗೆ ಹಾರ್ನು ಕಟ್ಟಿ ಪ್ಲೇಟು ಹಾಕಿದವರು. ಅವರ ಸಂಗ್ರಹದಿಂದ ಒಂದು ಎಲ್‌ಪಿ ಕೇಳಿ ತಂದಿದ್ದೆ: ಭೀಮಸೇನ ಜೋಶಿಯವರ ದಾಸರ ಪದಗಳು. ಆನ್‌ಲೈನಿನಲ್ಲಿ ಸಿಕ್ಕ ಅಗ್ಗದ ಸೂಟ್‌ಕೇಸ್ ಪ್ಲೇಯರಿನಲ್ಲಿ ಅದನ್ನು ದಿನಾ ಬೆಳಿಗ್ಗೆ ಹಾಕಿದೆ. ಎರಡು ತಿಂಗಳು. ನೋಡಲಿಕ್ಕೆ ಚೆಂದ ಇತ್ತು, ಇನ್‌ಸ್ಟಾದಲ್ಲಿ ಲೈಕೂ ಬಂದವು. ಬರಬರುತ್ತಾ ‘ಸ’, ‘ಶ’, ‘ಚ’ ಬಂದ ಕಡೆಯೆಲ್ಲ ಒಗ್ಗರಣೆ ಸಿಡಿದ ಹಾಗೆ ಸಪ್ಪಳ. ತಟ್ಟೆ ಹಳೇದಲ್ಲವೇ ಅಂದುಕೊಂಡೆ.

ಆಮೇಲೆ ಒಳ್ಳೆ ಟರ್ನ್‌ಟೇಬಲ್ ಬಂತು. ಮೊದಲು ಹಾಕಿದ್ದು ಅದೇ ಎಲ್‌ಪಿ. ಸಿಡಿತ ಹೋಗಲಿಲ್ಲ, ಇನ್ನೂ ಸ್ಪಷ್ಟವಾಗಿ ಕೇಳಿಸಿತು! ತಪ್ಪು ಯಾರದು ಅಂತ ಆವಾಗ ತಿಳೀತು. ಎಲ್‌ಪಿಯ ಗೆರೆ ಅಂದರೆ ಎರಡು ಗೋಡೆಗಳ ನಡುವಿನ ಓಣಿ. ಧ್ವನಿ ಇರೋದು ಆ ಗೋಡೆಗಳ ಅಂಕುಡೊಂಕಿನಲ್ಲಿ. ಅತಿ ಸಣ್ಣ ಅಂಕುಡೊಂಕುಗಳೇ ‘ಸ’ಕಾರದಂಥ ಚೂಪು ಸ್ವರಗಳು, ಸವೆಯೋದೂ ಅವೇ ಮೊದಲು. ಒಳ್ಳೆ ಕಾರ್ಟ್ರಿಜ್ 1.5ರಿಂದ 2 ಗ್ರಾಂ ಭಾರದಲ್ಲಿ ಆ ಓಣಿಯಲ್ಲಿ ನಡೆದುಹೋಗುತ್ತದೆ. ನನ್ನ ಸೂಟ್‌ಕೇಸಿನದು 5 ಗ್ರಾಂ ಹೇರಿಕೊಂಡು ಗೋಡೆ ಕೆರೆಯುತ್ತಾ ಹೋಗಿತ್ತು. ಹತ್ತಾರು ವರ್ಷ ಊರಿನ ಧೂಳಿನಲ್ಲಿ ಬದುಕಿದ್ದ ತಟ್ಟೆಯನ್ನು ನಾನು ಎರಡೇ ತಿಂಗಳಲ್ಲಿ ಹಾಳು ಮಾಡಿದ್ದೆ.

ಆದ್ದರಿಂದ ನನ್ನ ಮಟ್ಟಿಗೆ ಒಳ್ಳೆ ಟರ್ನ್‌ಟೇಬಲ್ ಅಂದರೆ ನಮಗೆ ಹೆಚ್ಚು ಕೊಡೋದಲ್ಲ, ತಟ್ಟೆಯಿಂದ ಕಡಿಮೆ ಕಿತ್ತುಕೊಳ್ಳೋದು. ಲಕ್ಷ ಕೊಟ್ಟರೂ ಸರಿಯೇ ಅನ್ನಲಿಕ್ಕೆ ನನಗೆ ಕಾಣುವ ಕಾರಣ ಇದೊಂದೇ. ಹಾಗಿದ್ದ ಮೇಲೆ, ಅದನ್ನು ಯಾವ ತಟ್ಟೆಗೆ ಬಳಸ್ತೀವಿ ಅನ್ನೋದೇ ಪ್ರಶ್ನೆ. ಹಣ ಕೊಟ್ಟರೆ ನಾಳೆ ಮತ್ತೆ ಸಿಗುವ ಪಿಂಕ್ ಫ್ಲಾಯ್ಡಿಗೋ, ಮತ್ತೆ ಸಿಗದ ದೊಡ್ಡಪ್ಪನ ಪ್ಲೇಟಿಗೋ?

ಇಲ್ಲಿ ಯಾರಾದರೂ ಒಬ್ಬರು ರೋಣದ ಕತೆ ತೆಗೆದೇ ತೆಗೀತಾರೆ. ಭೀಮಸೇನ ಜೋಶಿ ಹುಟ್ಟಿದ್ದು 1922ರ ಫೆಬ್ರವರಿ 4ರಂದು, ಆಗ ಧಾರವಾಡ ಜಿಲ್ಲೆಯಲ್ಲಿದ್ದ ರೋಣದಲ್ಲಿ. ಹುಡುಗನಾಗಿದ್ದಾಗ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಜಿಂಝೋಟಿ ಠುಮ್ರಿಯ ಪ್ಲೇಟು ಕೇಳಿದರು. ಹೀಗೆ ಹಾಡಲಿಕ್ಕೆ ಕಲೀಬೇಕು ಅಂತ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ ಮನೆ ಬಿಟ್ಟರು. ಊರೂರು ಅಲೆದು ಕಡೆಗೆ ಅದೇ ಖಾನಸಾಹೇಬರ ಶಿಷ್ಯ ಸವಾಯಿ ಗಂಧರ್ವರ ಬಳಿ ಕುಂದಗೋಳದಲ್ಲಿ ನೆಲೆ ನಿಂತರು. "ನೋಡ್ರಿ, ಅಂಗಡಿಯ ಸಾದಾ ಗ್ರಾಮಫೋನೇ ಸಾಕಾಯ್ತು. ಕಿವಿ ಮುಖ್ಯ, ಯಂತ್ರ ಅಲ್ಲ" ಅಂತ ನೀತಿ ಹೇಳಿ ಕತೆ ಮುಗಿಸ್ತಾರೆ.

ನನಗೆ ಆ ಕತೆಯಲ್ಲಿ ಕಾಣೋದು ಬೇರೆ. ಆ ಹುಡುಗನದು ಅಂತ ಯಂತ್ರವೂ ಇರಲಿಲ್ಲ, ಪ್ಲೇಟೂ ಇರಲಿಲ್ಲ. ಯಾರದೋ ಯಂತ್ರ, ಯಾರದೋ ತಟ್ಟೆ. ಅದು ನಾಲ್ಕು ಜನಕ್ಕೆ ಕೇಳುವಂತೆ ಹಾಡುತ್ತಿತ್ತು, ಅಷ್ಟೇ. ಅಂಗಡಿಯವ ನಮ್ಮ ಹಾಗೆ ಬಾಗಿಲು ಹಾಕಿಕೊಂಡು, ಹೆಡ್‌ಫೋನ್ ಏರಿಸಿಕೊಂಡು ಕೂತಿದ್ದರೆ ಆ ಹುಡುಗನ ಕಿವಿಗೆ ಏನು ಬೀಳುತ್ತಿತ್ತು? ಇಲ್ಲಿ ಯಂತ್ರ ಅಗ್ಗದ್ದೋ ತುಟ್ಟಿಯದೋ ಅನ್ನೋದಕ್ಕಿಂತ ಬಾಗಿಲು ತೆರೆದಿತ್ತು ಅನ್ನೋದು ದೊಡ್ಡದು.

ಹೋದ ವರ್ಷ ನಾನೂ ಬಾಗಿಲು ತೆಗೆಯೋಣ ಅಂತ ಹೊರಟೆ. ಟರ್ನ್‌ಟೇಬಲ್ಲಿನ ಪ್ಲ್ಯಾಟರ್ ಬಿಚ್ಚಿ, ಹಿಂದಿನ ತೂಕದ ಗುಂಡು ತೆಗೆದು, ತೋಳನ್ನು ದಾರದಿಂದ ಕಟ್ಟಿ, ಕಾರಿನ ಹಿಂದಿನ ಸೀಟಿನಲ್ಲಿ ಮಗುವಿನ ಹಾಗೆ ಬೆಲ್ಟ್ ಹಾಕಿ ಕೂರಿಸಿ ಗಜೇಂದ್ರಗಡಕ್ಕೆ ಒಯ್ದೆ. ಬೆಂಗಳೂರಿನಲ್ಲಿ ಅದುರದಿರಲಿ ಅಂತ ಗ್ರಾನೈಟ್ ಹಲಗೆಗೆ ದುಡ್ಡು ಸುರಿದಿದ್ದೆ. ದೊಡ್ಡಪ್ಪನ ಮನೆಯ ಎರಡು ಮೊಳ ದಪ್ಪದ ಗೋಡೆಯೊಳಗಿನ ಮಾಡದಲ್ಲಿ ಇಟ್ಟರೆ ಬಾಜೂಕ ಲಾರಿ ಹೋದರೂ ಮುಳ್ಳು ಮಿಸುಕಲಿಲ್ಲ.

ದೊಡ್ಡಪ್ಪ ಸುತ್ತ ತಿರುಗಿ ನೋಡಿದರು. "ಎಷ್ಟ್ ಕೊಟ್ಟೀಪಾ ಇದಕ್ಕ?"

ಅರ್ಧ ಹೇಳಿದೆ.

"ಮುಳ್ಳ ಎಷ್ಟ್ ಪ್ಲೇಟಿಗೆ ಬದಲಿ ಮಾಡ್ತಿ?"

"ಏನಿಲ್ಲಂದ್ರೂ ಐನೂರ್ ತಾಸು ಬರ್ತೈತಿ ದೊಡ್ಡಪ್ಪಾ."

"ನಮ್ದು ಒಂದ್ ಬಾಜೂಕ ಒಂದ್ ಮುಳ್ಳು. ಮುಳ್ಳ ಉಳಸಾಕ ಹ್ವಾದ್ರ ಪ್ಲೇಟ ಹೊಕ್ಕೈತಿ ಅಂತ ನಮ್ಮ ಮಾಲಕ ಬೈತಿದ್ದ." ಎರಡು ತಿಂಗಳು ನಾನು ಮಾಡಿದ ಪಾಪವನ್ನು ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ಆ ಎಲ್‌ಪಿ ಎಲ್ಲಿ ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಅಟ್ಟದಿಂದ ಟ್ರಂಕು ಇಳಿಸಿದೆವು. ತೆರೆದರೆ ಎಂಟ್ಹತ್ತು ಎಲ್‌ಪಿ ಬಿಟ್ಟು ಉಳಿದದ್ದೆಲ್ಲ ದಪ್ಪನೆಯ ಕಪ್ಪು ಹಳೆ ಪ್ಲೇಟು. ಎಲ್ಲ 78 ಸುತ್ತಿನವು. ನನ್ನ ಯಂತ್ರದಲ್ಲಿದ್ದದ್ದು ಎರಡೇ ವೇಗ, 33 ಮತ್ತು 45. ಅಷ್ಟು ದುಡ್ಡು ಕೊಟ್ಟವನು, ಅಷ್ಟು ವಿಮರ್ಶೆ ಓದಿದವನು, 78 ಇದೆಯಾ ಅಂತ ನೋಡಿರಲಿಲ್ಲ. ಮುಳ್ಳೂ ಹೊಂದುತ್ತಿರಲಿಲ್ಲ. ಎಲ್‌ಪಿಯ ಮುಳ್ಳಿನ ತುದಿ ಸುಮಾರು 18 ಮೈಕ್ರಾನ್, 78ರ ಗೆರೆಗೆ ಬೇಕಾದ್ದು ಸುಮಾರು 75. ಸಣ್ಣ ಮುಳ್ಳು ಗೋಡೆ ಹಿಡಿಯದೆ ತಳದ ಧೂಳಿನಲ್ಲಿ ಹೊರಳಾಡುತ್ತದೆ.

"ಇಷ್ಟ್ ತುಟ್ಟೀದು ತಂದೀ, ನಮ್ಮ ಪ್ಲೇಟ್ ಹಾಡಸಾಂಗಿಲ್ಲಲ್ಲೋ ತಮ್ಮಾ" ಅಂದರು. ಬೈದದ್ದಲ್ಲ, ಮರುಗಿದ್ದು. ಅದೇ ಹೆಚ್ಚು ನಾಟಿತು.

ಸಿಟ್ಟು ಬಂದಿದ್ದು ಮುಂದಿನ ಮಾತಿಗೆ. ಇಂಥವೇ ಇನ್ನೊಂದು ಟ್ರಂಕು ಇತ್ತಂತೆ. ಬೆಂಗಳೂರಿಂದ ಬಂದವರು ಯಾರೋ ಎಣಿಸಿಕೊಂಡು, ಪ್ಲೇಟಿಗೆ ಹತ್ತು ರೂಪಾಯಿಯಂತೆ ಒಯ್ದರಂತೆ. ಏನೇನಿದ್ದವು ಅಂತ ಕೇಳಿದೆ. ನಾಟಕದ ಹಾಡು, ಭಜನೆ, ಗೀಗಿ ಪದ... ಅವರು ಬೆರಳು ಮಡಚುತ್ತಾ ಹೋದರು. ಹಾಡಿದವರ ಹೆಸರು ಕೆಲವಕ್ಕೆ ಮಾತ್ರ ನೆನಪು.

ಅವು ಎಲ್ಲಿ ಹೋಗಿರಬಹುದು? ನಮ್ಮ ಕಡೆಯೇ. ಯಾವುದೋ ಕೆಫೆಯ ಗೋಡೆಗೆ ‘ವಿಂಟೇಜ್’ ಅಂತ ಮೊಳೆ ಹೊಡೆದಿರಬಹುದು. ನಡುವೆ ಯಂತ್ರ ಕೂರಿಸಿ ಗಡಿಯಾರ ಮಾಡಿ ಮಾರುವುದನ್ನು ನೀವೂ ನೋಡಿದ್ದೀರಿ. ನಾನೇ ಒಂದನ್ನು ಗೃಹಪ್ರವೇಶಕ್ಕೆ ಉಡುಗೊರೆ ಕೊಟ್ಟಿದ್ದೇನೆ. ಆ ತಟ್ಟೆಗೆ ಸಿಕ್ಕ ಕೊನೆಯ ಮುಳ್ಳು ಗಡಿಯಾರದ್ದು.

"ಎಲ್ಲಾ ಯೂಟ್ಯೂಬಿನಲ್ಲಿ ಇದೆಯಲ್ಲ ಬಿಡ್ರಿ" ಅನ್ನಬೇಡಿ. ದೊಡ್ಡ ಹೆಸರಿನವರದು ಇದೆ. ಅದೂ ತಾನಾಗಿ ಹುಟ್ಟಿಲ್ಲ. ಯಾರೋ ಒಬ್ಬರು ಸರಿಯಾದ ಮುಳ್ಳು ಹಾಕಿ, ಒಂದೊಂದೇ ಬದಿ ತಿರುವಿ ಹಾಕಿ ಏರಿಸಿದ್ದಕ್ಕೆ ಇದೆ. ಹೆಸರಿಲ್ಲದವರ ಪಾಲಿಗೆ ಆ ‘ಯಾರೋ ಒಬ್ಬರು’ ಇನ್ನೂ ಹುಟ್ಟಿಲ್ಲ. ಯಂತ್ರ ಇರೋದು ನಮ್ಮ ಮನೆಯಲ್ಲಿ, ನಾವು ಇನ್ನೂ 1.8 ಗ್ರಾಮೋ 2 ಗ್ರಾಮೋ ಅಂತ ಕೂತಿದ್ದೇವೆ.

"ಕಾಪಿರೈಟ್ ಇರುತ್ತಲ್ಲ?" ಅಂತಲೂ ಕೇಳಿದ್ದಾರೆ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ವರ್ಷದ ನಂತರ 60 ವರ್ಷ. 78ರ ಪ್ಲೇಟುಗಳಲ್ಲಿ ಬಹುಪಾಲು ಆ ಗೆರೆ ದಾಟಿವೆ. ಹಾಡು ಬರೆದವರ, ರಾಗ ಹಾಕಿದವರ ಹಕ್ಕಿನ ಲೆಕ್ಕ ಬೇರೆ, ಊರಿಗೆಲ್ಲ ಹಂಚುವ ಮುಂಚೆ ಅದನ್ನೂ ನೋಡಿ. ಆದರೆ ಮೊದಲು ಉಳಿಸಿ. ಒಡೆದ ಪ್ಲೇಟಿಗೆ ಯಾವ ಹಕ್ಕಿದ್ದು ಏನು?

ದೀಪಾವಳಿಗೆ ಮತ್ತೆ ಹೋದೆ. 78ರ ಅಗಲ ಮುಳ್ಳು ತರಿಸಿದ್ದೆ. ನಾವು ಕೇಬಲ್ಲಿಗೆ ಸುರಿಯೋ ದುಡ್ಡಿಗಿಂತ ಕಡಿಮೆಗೆ ಸಿಕ್ಕಿತು. ವೇಗ ಇಲ್ಲದ್ದಕ್ಕೂ ದಾರಿ ಇತ್ತು: 45ರಲ್ಲೇ ಓಡಿಸಿ ಲ್ಯಾಪ್‌ಟಾಪಿಗೆ ರೆಕಾರ್ಡ್ ಮಾಡಿ, ಉಚಿತವಾಗಿ ಸಿಗುವ ಆಡಾಸಿಟಿಯಲ್ಲಿ ವೇಗವನ್ನು 78ಕ್ಕೆ ಏರಿಸೋದು. ಒಂದು ಎಚ್ಚರ ಮಾತ್ರ. ಎಲ್‌ಪಿ ಒರೆಸುವ ಆಲ್ಕೋಹಾಲ್ ದ್ರಾವಣವನ್ನು ಈ ಪ್ಲೇಟುಗಳಿಗೆ ಮುಟ್ಟಿಸಬೇಡಿ. ಇವು ಅರಗಿನವು. ಪಾಂಡವರ ಅರಗಿನ ಮನೆಗೆ ಬೆಂಕಿ ಹೇಗೋ, ಇವಕ್ಕೆ ಆಲ್ಕೋಹಾಲ್ ಹಾಗೆ, ಕರಗಿಹೋಗ್ತವೆ.

ನಾಲ್ಕು ದಿನದಲ್ಲಿ ಮೂವತ್ತೊಂದು ಪ್ಲೇಟು ಆದವು. ಆರು ಸೀಳಿದ್ದವು, ಬಿಟ್ಟೆವು. ಲೇಬಲ್ಲನ್ನು ಹುಳ ತಿಂದದ್ದಕ್ಕೆಲ್ಲ ದೊಡ್ಡಪ್ಪ ಕೇಳಿ ಹೆಸರು ಹೇಳಿದರು, ನಾನು ಬರೆದುಕೊಂಡೆ. ಕಿಟಕಿ ತೆರೆದೇ ಇತ್ತು. ಎದುರು ಮನೆ ನೇಕಾರ ಕಾಕಾ ಮಗ್ಗ ಬಿಟ್ಟು ಬಂದು ಕಟ್ಟೆ ಮೇಲೆ ಕೂತರು. ಅವರ ಹಿಂದೆ ಇನ್ನೂ ನಾಲ್ಕು ಜನ. ಒಂದು ನಾಟಕದ ಹಾಡು ಟಕ್ ಟಕ್ ಅಂತ ಬಡಿದುಕೊಳ್ಳತೊಡಗಿತು. ಸಾಫ್ಟ್‌ವೇರಿನಲ್ಲಿ ಅದನ್ನು ತೆಗೆಯಲು ಹೋದೆ.

"ತಡಿ, ತಡಿ. ಅದು ರೋಣದಾಗ ಒಂದ್ ಮದುವ್ಯಾಗ ಬಿದ್ದಿದ್ದು. ಹುಡುಗೋರು ಟೇಬಲ್ಲಿಗೆ ಹಾದು ಮುಳ್ಳ ಜಾರಿತ್ತು. ಅವತ್ತಿನ ಬಾಡಿಗಿ ಕೊಡ್ಲಿಲ್ಲ ಅವ್ರು" ಅಂತ ದೊಡ್ಡಪ್ಪ ನಕ್ಕರು. ಆ ಗೀರು ಹಾಗೇ ಇಟ್ಟೆ. ಕಡತದ ಹೆಸರಿನಲ್ಲಿ ‘ರೋಣದ ಮದುವೆ’ ಅಂತಲೂ ಬರೆದೆ.

ಆದ್ದರಿಂದ, ಲಕ್ಷದ ಟರ್ನ್‌ಟೇಬಲ್ ಇಟ್ಟುಕೊಂಡ ನನ್ನ ಗೆಳೆಯರೇ, ಗೆಳತಿಯರೇ. ಸೂಟ್‌ಕೇಸ್ ಪ್ಲೇಯರಿನ ಮೇಲೆ ಗಿಡದ ಕುಂಡ ಇಡಿ, ಅಜ್ಜನ ಪ್ಲೇಟು ಇಡಬೇಡಿ. ಮುಂದಿನ ಅಪ್‌ಗ್ರೇಡಿಗೆ ಕೂಡಿಟ್ಟ ದುಡ್ಡಲ್ಲಿ ಮೊದಲು 78ರ ಮುಳ್ಳು ತಗೊಳ್ಳಿ. ಪ್ಲೇಟುಗಳನ್ನು ಬೆಂಗಳೂರಿಗೆ ಎತ್ತಿಕೊಂಡು ಬರಬೇಡಿ, ನಿಮ್ಮ ಯಂತ್ರವನ್ನೇ ಅಲ್ಲಿಗೆ ಒಯ್ಯಿರಿ. ಪ್ಲೇಟಿನ ಹೆಸರು ಹೇಳಬಲ್ಲವರು ಇನ್ನೂ ಅಲ್ಲೇ ಇದ್ದಾರೆ, ಎಂಬತ್ತು ದಾಟಿದ್ದಾರೆ, ಇಎಂಐ ಮುಗಿಯುವವರೆಗೆ ಕಾಯುವುದಿಲ್ಲ.

ಯಂತ್ರಕ್ಕೆ ನಾವು ಮಾಲಕರು, ಒಪ್ಪಿದೆ. ತಟ್ಟೆಗೆ ಬಾಡಿಗೆದಾರರು ಮಾತ್ರ. ಹೋಗುವಾಗ ಗೋಡೆ ಕೆರೆದಿಲ್ಲ ಅಂತ ತೋರಿಸಿ ಹೋಗಬೇಕು. ನಾನು ಒಂದು ಮನೆ ಕೆಡಿಸಿ ಬಂದವನು, ಅದಕ್ಕೇ ಹೇಳ್ತಿದ್ದೇನೆ.

ಮುಂದಿನ ಶನಿವಾರ ಎಚ್‌ಎಸ್‌ಆರ್ ಲೇಔಟಿಗೆ ನಾನು ಬರೋದಿಲ್ಲ. ನರಗುಂದದಲ್ಲಿ ದೊಡ್ಡಪ್ಪನ ಗೆಳೆಯರೊಬ್ಬರ ಮನೆ ಅಟ್ಟದ ಮೇಲೆ ಇನ್ನೊಂದು ಟ್ರಂಕು ಇದೆಯಂತೆ. ರಸಮಟ್ಟ ಹಿಡಿಯಲು ಒಬ್ಬರು ಬೇಕು, ಕಾರಿನಲ್ಲಿ ಎರಡು ಸೀಟು ಖಾಲಿ ಇದೆ. ಬರ್ತೀರಾ?