ಸೋಲಿಸಬಲ್ಲ ಎದುರಾಳಿ

ನಲವತ್ತು ದಾಟಿದ ಸರ್ಕಾರಿ ನೌಕರರೊಬ್ಬರು ಕಂಪ್ಯೂಟರ್ ಆಟವೊಂದರ ಬಿಡುಗಡೆಗಾಗಿ ದಿನ ಎಣಿಸುತ್ತಿದ್ದಾರೆಂದರೆ ಮನೆಯಲ್ಲಿ ನಗುತ್ತಾರೆ. ಕಚೇರಿಯಲ್ಲಂತೂ ಬಾಯಿ ಬಿಡುವಂತಿಲ್ಲ. ಈ ಬಳಗದಲ್ಲಾದರೂ ಹೇಳಿಕೊಳ್ಳಬಹುದೆಂದು ಧೈರ್ಯ ಮಾಡಿದ್ದೇವೆ. ರಾಜ್ಯೋತ್ಸವ ಕಳೆದು ಮೂರು ದಿನಕ್ಕೆ, ಅಂದರೆ ಇದೇ 2025ರ ನವೆಂಬರ್ 4ರಂದು, 'ಯುರೋಪಾ ಯೂನಿವರ್ಸಾಲಿಸ್' ಸರಣಿಯ ಐದನೆಯ ಆಟ ಹೊರಬರಲಿದೆ. ಹಿಂದಿನದು ಬಂದದ್ದು 2013ರಲ್ಲಿ. ಹನ್ನೆರಡು ವರ್ಷಗಳಲ್ಲಿ ನಮಗೆ ಎರಡು ವರ್ಗಾವಣೆಗಳಾಗಿವೆ, ಕನ್ನಡಕದ ಸಂಖ್ಯೆ ಏರಿದೆ, ಆಟ ಮಾತ್ರ ಅದೇ ಇತ್ತು.

ಇದು ಬಂದೂಕು ಹಿಡಿದು ಓಡುವ ಆಟವಲ್ಲ. ಭೂಪಟವನ್ನು ಮುಂದಿಟ್ಟುಕೊಂಡು ಒಂದು ರಾಜ್ಯವನ್ನು ಆರಿಸಿಕೊಳ್ಳಬೇಕು. ಕಂದಾಯ, ವ್ಯಾಪಾರ, ಮದುವೆ ಸಂಬಂಧ, ಸಂಧಿ, ವಿಗ್ರಹಗಳನ್ನೆಲ್ಲ ತಾವೇ ನೋಡಿಕೊಳ್ಳುತ್ತ ಶತಮಾನಗಳನ್ನು ದಾಟಬೇಕು. ಉಳಿದ ನೂರಾರು ರಾಜ್ಯಗಳನ್ನು ಯಂತ್ರ ಆಡಿಸುತ್ತದೆ. ಹಿಂದಿನ ಆಟ 1444ರ ನವೆಂಬರಿನಲ್ಲಿ ಆರಂಭವಾಗುತ್ತಿತ್ತು. ಹೊಸದು 1337ಕ್ಕೆ ಹಿಂದೆ ಸರಿದಿದೆ. ಇಂಗ್ಲೆಂಡ್ ಮತ್ತು ಫ್ರಾನ್ಸುಗಳ ನೂರು ವರ್ಷದ ಯುದ್ಧದ ಮೊದಲ ವರ್ಷವದು ಎಂಬುದು ಯುರೋಪಿನವರ ಲೆಕ್ಕ. ನಮ್ಮ ಲೆಕ್ಕ ಬೇರೆ. ವಿಜಯನಗರದ ಸ್ಥಾಪನೆಗೆ ರೂಢಿಯಲ್ಲಿ ಹೇಳುವ ವರ್ಷ 1336. ಹಳೇಬೀಡಿನ ಸೀಮೆಯಲ್ಲಿ ಹುಟ್ಟಿದ ನಮಗೆ ಇನ್ನೊಂದು ಮಾತೂ ನೆನಪಾಗುತ್ತದೆ: ಆಗಿನ್ನೂ ಮೂರನೆಯ ಬಲ್ಲಾಳ ಬದುಕಿದ್ದ. ಇತ್ತ ನಾವೀಗ ನೆಲೆಸಿರುವ ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘಲಕ್ ಆಳುತ್ತಿದ್ದ. ಕಾರ್ನಾಡರ ನಾಟಕದಲ್ಲಿ ಚದುರಂಗದ ಸಮಸ್ಯೆ ಬಿಡಿಸಿದ ಉತ್ಸಾಹದಲ್ಲಿರುವ ಆ ಸುಲ್ತಾನನನ್ನು ಈ ಆಟದಲ್ಲಿ ಆಡಿಸುವವರು ಯಾರು? ಯಂತ್ರವೇ. ರಾಜಧಾನಿಯನ್ನು ದೌಲತಾಬಾದಿಗೆ ಸಾಗಿಸುವ ಹುಚ್ಚಾಗಲಿ ಅದರ ಹಿಂದಿದ್ದ ಕನಸಾಗಲಿ ಅದಕ್ಕೆ ಬರಲಾರದು. ಹಿಂದಿನ ಆಟದಲ್ಲಿ ಯಂತ್ರ ನಡೆಸುತ್ತಿದ್ದದ್ದು ಬಹುಪಾಲು ತುಘಲಕ್ ದರ್ಬಾರೇ, ಆದರೆ ಕನಸಿಲ್ಲದ ದರ್ಬಾರು.

ಹೊಸ ಭೂಪಟ ಎಷ್ಟು ಚೆಂದ, ಸೈನಿಕರ ಅಂಗಿಯ ಬಣ್ಣ ಯಾವುದು ಎಂಬ ಕುತೂಹಲ ನಮಗೆ ಅಷ್ಟಾಗಿ ಇಲ್ಲ. ಯಂತ್ರ ಹೇಗೆ ಆಡುತ್ತದೆ ಎಂಬುದೊಂದೇ ಪ್ರಶ್ನೆ. ಹಳೆಯ ಆಟದಲ್ಲಿ ಇಮ್ಮಡಿ ದೇವರಾಯನ ಕಾಲದ ವಿಜಯನಗರವನ್ನು ಹಿಡಿದು ಬಹಮನಿಗಳನ್ನು ಎಷ್ಟು ಸಲ ಸೋಲಿಸಿದ್ದೇವೆಂಬ ಲೆಕ್ಕವೇ ಇಲ್ಲ. ಪ್ರತಿಸಲವೂ ನಡೆದದ್ದು ಒಂದೇ. ಬಹಮನಿ ಸೈನ್ಯ ಮೂರು ಕೋಟೆಗಳಿಗೆ ಮೂರು ಪಾಲಾಗಿ ಮುತ್ತಿಗೆ ಹಾಕುತ್ತದೆ. ನಾವು ಒಟ್ಟಾಗಿ ಹೋಗಿ ಒಂದೊಂದನ್ನೇ ಮುರಿಯುತ್ತೇವೆ. ನಮ್ಮ ಚಿಕ್ಕದೊಂದು ತುಕಡಿಯನ್ನು ದೂರದಲ್ಲಿ ಕಾಣುವಂತೆ ನಿಲ್ಲಿಸಿದರೆ ಅವರ ದೊಡ್ಡ ಸೈನ್ಯ ಅದರ ಬೆನ್ನು ಹತ್ತಿ, ದಾರಿಯಲ್ಲೇ ಸವೆದು ಅರ್ಧವಾಗುತ್ತದೆ. ಕಳೆದ ಚಳಿಗಾಲದ ಒಂದು ರಾತ್ರಿ ಬೀದರ್ ಹಿಡಿದ ಸಂಭ್ರಮದಲ್ಲಿ ಮಗನನ್ನು ಕರೆದು ತೋರಿಸಿದೆವು. ಅವನು ಒಂದೆರಡು ನಿಮಿಷ ನೋಡಿ, "ಅಪ್ಪಾ, ನೀನು ಗೆಲ್ತಿಲ್ಲ. ಅದು ಸೋಲ್ತಾ ಇದೆ, ಅಷ್ಟೆ" ಎಂದು ಓದಲು ಹೋದ. ಆ ಮಾತು ಇನ್ನೂ ಚುಚ್ಚುತ್ತಿದೆ.

ಯಂತ್ರದ ಈ ದಡ್ಡತನ ಆಟ ಕಟ್ಟುವವರಿಗೂ ಗೊತ್ತು. ಅದಕ್ಕೆ ಅವರು ಬಹುಕಾಲದಿಂದ ಮಾಡುತ್ತ ಬಂದ ಮದ್ದೆಂದರೆ ದಾನ. ಕಷ್ಟದ ಹಂತ ಆರಿಸಿಕೊಂಡರೆ ಯಂತ್ರ ಹೆಚ್ಚು ಜಾಣನಾಗುವುದಿಲ್ಲ, ಹೆಚ್ಚು ಶ್ರೀಮಂತನಾಗುತ್ತದೆ. 'ಸಿವಿಲೈಸೇಶನ್' ಸರಣಿಯ ಅತಿ ಕಠಿಣ ಹಂತವೂ ಇದೇ ಬಗೆಯದು. ನಾವು ಕಾಯುತ್ತಿರುವ ಸರಣಿಯ ಹಿಂದಿನ ಆಟದಲ್ಲಿ 'ಅದೃಷ್ಟಶಾಲಿ ರಾಜ್ಯಗಳು' ಎಂಬ ಏರ್ಪಾಡೇ ಇತ್ತು. ಇತಿಹಾಸದಲ್ಲಿ ಬೆಳೆದ ಕ್ಯಾಸ್ಟೀಲ್, ಫ್ರಾನ್ಸ್, ಇಂಗ್ಲೆಂಡ್, ಆಟೊಮನ್ನರಂಥ ರಾಜ್ಯಗಳನ್ನು ಯಂತ್ರ ಆಡಿಸುತ್ತಿದ್ದರೆ ಅವಕ್ಕೆ ತುಸು ಹೆಚ್ಚುವರಿ ಅನುಕೂಲ. ಗೆದ್ದವರು ಗೆಲ್ಲಬೇಕಾಗಿದ್ದವರೇ ಎಂಬ ಹಳೆಯ ಇತಿಹಾಸ ಪಾಠವನ್ನು ಆಟದ ಒಳಗೇ ಹೊಲಿದಂತಾಯಿತು. ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ವಸಾಹತುಶಾಹಿಯ ಬಗ್ಗೆ ಅಷ್ಟೆಲ್ಲ ಓದಿದ ಮೇಲೆ ಇದನ್ನು ಕಂಡು ಸುಮ್ಮನಿರುವುದು ಕಷ್ಟ.

ಬಲ ಅಸಮವಾಗಿರುವುದೇ ತಪ್ಪೆಂದು ನಮ್ಮ ವಾದವಲ್ಲ. ಊರ ದೇವಸ್ಥಾನದ ಕಲ್ಲುಹಾಸಿನ ಮೇಲೆ ಗೀಚಿಟ್ಟಿದ್ದ ಆಡು–ಹುಲಿ ಆಟದಲ್ಲಿ ಒಂದು ಕಡೆ ಮೂರು ಹುಲಿ, ಇನ್ನೊಂದು ಕಡೆ ಹದಿನೈದು ಆಡು. ಅದಕ್ಕಿಂತ ಅಸಮ ಯಾವುದು? ಆದರೆ ಆಡುಗಳನ್ನು ಹಿಡಿದವನಿಗೆ ಎದುರಿರುವುದು ಹುಲಿಯೆಂದು ಗೊತ್ತು. ಚೆನ್ನೈನ ವಸತಿಗೃಹದಲ್ಲಿದ್ದಾಗ ಕೆಳಮನೆಯಲ್ಲಿ ನಿವೃತ್ತರೊಬ್ಬರಿದ್ದರು. ಅವರೊಂದಿಗೆ ಭಾನುವಾರದ ಚದುರಂಗ ನಮ್ಮ ಆ ವರ್ಷಗಳ ದೊಡ್ಡ ಸುಖ. ನಮ್ಮ ಆಟ ಅವರಿಗೆ ಸಾಟಿಯಲ್ಲ. ಹಾಗೆಂದು ಅವರು ಒಮ್ಮೆಯೂ ಬೇಕೆಂದು ಸೋಲಲಿಲ್ಲ. ಆಟ ಶುರುವಾಗುವ ಮುನ್ನ ತಮ್ಮ ಒಂದು ಆನೆಯನ್ನು ಎತ್ತಿ, ನಮಗೆ ಕಾಣುವಂತೆ ಕಿಟಕಿಯ ಮೇಲಿಟ್ಟು, "ಈಗ ಆಡೋಣ" ಎನ್ನುತ್ತಿದ್ದರು. ಅದು ದಾನವಲ್ಲ, ಒಪ್ಪಂದ. ಹಾಗೆ ಆಡಿ ಎಂಟು ತಿಂಗಳ ಮೇಲೆ ಒಮ್ಮೆ ಗೆದ್ದೆವು. ಮುಂದಿನ ವಾರದಿಂದ ಆನೆ ಕಿಟಕಿಗೆ ಹೋಗಲಿಲ್ಲ. ನಮಗೆ ದೆಹಲಿಗೆ ವರ್ಗವಾದ ಮರುವರ್ಷ ಅವರು ತೀರಿಕೊಂಡರು. ಇಲ್ಲಿ ಚದುರಂಗಕ್ಕೆ ಕೂರುವವರು ಸಿಕ್ಕಿಲ್ಲ. ರಾತ್ರಿ ಹತ್ತರ ಮೇಲೆ ಎದುರು ಕೂರುವುದಕ್ಕೆ ಉಳಿದಿರುವುದು ಯಂತ್ರವೊಂದೇ. ಅದು ಚೆನ್ನಾಗಿ ಆಡಲೆಂಬ ನಮ್ಮ ಹಂಬಲವನ್ನು ಬರಿಯ ಆಟದ ಚಪಲವೆನ್ನಬೇಡಿ.

ಯಂತ್ರಕ್ಕೆ ಆಡಲು ಬಾರದೇ? 1997ರಲ್ಲಿ ಡೀಪ್ ಬ್ಲೂ ಕಾಸ್ಪರೋವನನ್ನು ಸೋಲಿಸಿತು. ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಅದು ತೂಗಿ ನೋಡುತ್ತಿತ್ತು. 2016ರಲ್ಲಿ ಆಲ್ಫಾಗೋ ಲೀ ಸೆಡೋಲನನ್ನು 4–1ರಿಂದ ಮಣಿಸಿತು. 2019ರ ಜನವರಿಯಲ್ಲಿ ಆಲ್ಫಾಸ್ಟಾರ್ 'ಸ್ಟಾರ್‌ಕ್ರಾಫ್ಟ್ 2' ಎಂಬ ಯುದ್ಧದಾಟದಲ್ಲಿ ಇಬ್ಬರು ವೃತ್ತಿಪರರ ವಿರುದ್ಧ ಹತ್ತಕ್ಕೆ ಹತ್ತು ಗೆದ್ದಿತು. ಆದರೆ ಇದರಲ್ಲೊಂದು ಸ್ವಾರಸ್ಯವಿದೆ. ಆ ಹತ್ತು ಪಂದ್ಯಗಳಲ್ಲಿ ಯಂತ್ರ ತನ್ನ ಕಣ್ಣಿಗೆ ತೆರೆದಿದ್ದ ನೆಲವನ್ನೆಲ್ಲ ಒಟ್ಟಿಗೇ ನೋಡಬಲ್ಲದಾಗಿತ್ತು; ಮನುಷ್ಯ ಮಾತ್ರ ಪರದೆಯನ್ನು ಅತ್ತಿತ್ತ ಸರಿಸುತ್ತ ಒಂದೊಂದು ಮೂಲೆಯನ್ನೇ ನೋಡಬೇಕಿತ್ತು. ಅದೇ ಕಟ್ಟಿಗೆ ಯಂತ್ರವನ್ನೂ ಒಳಪಡಿಸಿ ಒಂದು ನೇರ ಪಂದ್ಯ ಆಡಿಸಿದಾಗ, ಹಿಂದೆ ಐದಕ್ಕೆ ಐದು ಸೋತಿದ್ದ ಆಟಗಾರನೇ ಗೆದ್ದ. ಆ ಹೊಸ ರೂಪಕ್ಕೆ ತರಬೇತಿ ಕಡಿಮೆಯಿತ್ತು, ನಿಜ. ಅದೇ ವರ್ಷದ ಕೊನೆಗೆ ಕಟ್ಟುಗಳೊಳಗೇ ಆಡಿ ಅದು ಉನ್ನತ ಶ್ರೇಣಿ ಮುಟ್ಟಿತು ಎಂಬುದೂ ನಿಜ. ಸಮಾನ ನಿಯಮದಲ್ಲಿ ಸೋತ ಮೇಲೆ, ಅದೇ ನಿಯಮದಲ್ಲಿ ಮೇಲೆ ಬಂದ ಆ ಯಂತ್ರದ ಮೇಲೆ ನಮಗೆ ಗೌರವವಿದೆ.

ಆದರೆ ಅಂಥ ಯಂತ್ರವನ್ನು ನಾವು ಕಾಯುತ್ತಿರುವ ಆಟದಲ್ಲಿ ನಿರೀಕ್ಷಿಸುವುದು ಅನ್ಯಾಯ. ಆಲ್ಫಾಸ್ಟಾರಿನ ಒಂದೊಂದು ರೂಪವೂ ಇನ್ನೂರು ವರ್ಷಗಳವರೆಗಿನ ಆಟದ ಅನುಭವ ಪಡೆದಿತ್ತು. ಹಿಂದೆ ದೊಡ್ಡ ಸಂಸ್ಥೆಯೊಂದರ ಗಣಕಬಲವಿತ್ತು. ಇಲ್ಲಿಯೋ, ಮನೆಯ ಒಂದೇ ಕಂಪ್ಯೂಟರ್ ನೂರಾರು ದೊರೆಗಳ ಪರವಾಗಿ ಏಕಕಾಲಕ್ಕೆ ಯೋಚಿಸಬೇಕು. ಒಬ್ಬೊಬ್ಬರ ಪಾಲಿಗೆ ಬರುವ ಬುದ್ಧಿ ಚಿಟಿಕೆಯಷ್ಟು. ಮೇಲಾಗಿ ಕೆಲವು ತಿಂಗಳಿಗೊಮ್ಮೆ ಆಟದ ನಿಯಮಗಳೇ ಬದಲಾಗುತ್ತವೆ. ಸುತ್ತೋಲೆಯ ಮೇಲೆ ಸುತ್ತೋಲೆ ಬರುವ ಇಲಾಖೆಯಲ್ಲಿ ಹಳೆಯ ನಿಯಮವನ್ನೇ ಹಿಡಿದು ಕೂತ ಗುಮಾಸ್ತನ ಪಾಡು ಯಂತ್ರದ್ದು. ಅದರ ಕಷ್ಟ ನಮಗೆ ಅರ್ಥವಾಗುತ್ತದೆ.

ಕಡಿಮೆ ಬಲದಲ್ಲಿ ಮರ್ಯಾದೆಯಿಂದ ಆಡಿದ ಯಂತ್ರವೂ ಒಂದಿತ್ತು. 1981ರಲ್ಲಿ ಕ್ರಿಸ್ ಕ್ರಾಫರ್ಡ್ ಅಟಾರಿ ಯಂತ್ರಕ್ಕಾಗಿ 'ಈಸ್ಟರ್ನ್ ಫ್ರಂಟ್ (1941)' ಎಂಬ ಯುದ್ಧದಾಟ ಬರೆದರು. ಜರ್ಮನ್ ಸೈನ್ಯ ಆಟಗಾರನದು, ರಷ್ಯದ್ದು ಯಂತ್ರದ್ದು. ಆಟಗಾರ ತನ್ನ ದಳಗಳಿಗೆ ಅಪ್ಪಣೆ ಕೊಡುತ್ತಿರುವಷ್ಟು ಹೊತ್ತೂ ಯಂತ್ರ ಒಳಗೊಳಗೇ ತನ್ನ ಯೋಜನೆಯನ್ನು ತಿದ್ದುತ್ತಿತ್ತು. ಅವಸರದಲ್ಲಿ ಆಡಿದರೆ ಅದಕ್ಕೂ ಸಮಯ ಸಿಗದು. ನಾವು ತಾಳ್ಮೆಯಿಂದ ಕೂತಷ್ಟೂ ಅದೂ ಯೋಚಿಸುತ್ತದೆ. ಎದುರು ಕೂತವರು ಹೀಗಿರಬೇಕು.

ಇದಕ್ಕೆ ಎದುರು ವಾದವೊಂದಿದೆ, ಮತ್ತು ಅದು ಹಗುರವಾದುದಲ್ಲ. 'ಸಿವಿಲೈಸೇಶನ್ 4'ರ ವಿನ್ಯಾಸಕ ಸೊರೆನ್ ಜಾನ್ಸನ್ 2008ರಲ್ಲಿ ಇದೇ ವಿಷಯವಾಗಿ ಮಾತನಾಡುತ್ತ, ಗೆಲ್ಲಲೆಂದೇ ಆಡುವ ಯಂತ್ರ ಬೇರೆ, ಆಟಗಾರನಿಗೆ ಸಂತೋಷ ಕೊಡಲು ಆಡುವ ಯಂತ್ರ ಬೇರೆ ಎಂದು ಬಿಡಿಸಿಟ್ಟರು. ಮಿತ್ರನಾಗಿ ನಂಬಿಸಿ, ನಾವು ಗೆಲ್ಲುವ ಹೊತ್ತಿಗೆ ಬೆನ್ನಿಗಿರಿಯುವುದೇ ತರ್ಕಬದ್ಧವಾದ ಆಟವಾದರೆ ಅಂಥ ಮಿತ್ರ ಯಾರಿಗೆ ಬೇಕು? ಒಪ್ಪಿದೆವು. ಆದರೆ ನಾವು ಕೇಳುತ್ತಿರುವುದು ಈ ಎರಡೂ ಅಲ್ಲ. ಗೆಲ್ಲಲೇಬೇಕೆಂಬ ಹಟ ಯಂತ್ರಕ್ಕೆ ಬೇಡ. ಉಳಿಯಬೇಕೆಂಬ ಆಸೆ ಇರಲಿ.

ನಮ್ಮ ಪರೀಕ್ಷೆ 1565ರ ಜನವರಿಯ ರಕ್ಕಸತಂಗಡಿಯಿಂದ ಬಂದದ್ದು. ದಖನಿನ ಸುಲ್ತಾನರು ಅದಕ್ಕೆ ಮೊದಲು ತಮ್ಮೊಳಗೇ ಕಾದಾಡುತ್ತಿದ್ದರು. ಅಳಿಯ ರಾಮರಾಯ ಒಮ್ಮೆ ಇವರ, ಒಮ್ಮೆ ಅವರ ಪಕ್ಷ ವಹಿಸಿ ಆ ಜಗಳದ ಮೇಲೆಯೇ ದೊಡ್ಡವನಾದ. ವಿಜಾಪುರಕ್ಕೂ ಅಹಮದ್‌ನಗರಕ್ಕೂ ಸೋಲಾಪುರದ ಕೋಟೆಯ ಮೇಲೆ ಹಳೆಯ ವೈರ. ಕೊನೆಗೆ ಅಹಮದ್‌ನಗರದ ಹುಸೇನ್ ನಿಜಾಮ್ ಶಾಹ ತನ್ನ ಮಗಳು ಚಾಂದ್ ಬೀಬಿಯನ್ನು ವಿಜಾಪುರದ ಅಲಿ ಆದಿಲ್ ಶಾಹನಿಗೆ ಕೊಟ್ಟು, ಅದೇ ಸೋಲಾಪುರವನ್ನು ಬಳುವಳಿಯಾಗಿ ಬಿಟ್ಟುಕೊಟ್ಟ. ಗೋಲ್ಕೊಂಡ, ಬೀದರ್‌ಗಳೂ ಕೂಡಿಕೊಂಡವು. ಹಂಪಿ ಹಾಳಾಯಿತು. ಹಳೆಯ ಆಟದಲ್ಲೂ ಒಕ್ಕೂಟಗಳಿದ್ದವು. ನಾವು ಹೆಚ್ಚು ನೆಲ ನುಂಗಿದರೆ ಒಂದು ಅಂಕಿ ಏರಿ, ಮಿತಿ ಮೀರಿದಾಗ ನೆರೆಯವರು ಒಂದಾಗುತ್ತಿದ್ದರು. ಆ ಅಂಕಿ ಪರದೆಯ ಮೇಲೆ ಕಾಣುತ್ತಿದ್ದುದರಿಂದ ಅದು ಇಳಿಯುವವರೆಗೆ ಕಾದು ಮತ್ತೆ ನುಂಗುತ್ತಿದ್ದೆವು. ತನಗೆ ಪ್ರಾಣಪ್ರಿಯವಾದ ಕೋಟೆಯನ್ನು ಹಗೆಗೇ ಕೊಟ್ಟು ದೊಡ್ಡ ಹಗೆಯ ವಿರುದ್ಧ ಕೈ ಜೋಡಿಸುವ ಬುದ್ಧಿಯನ್ನು ಯಂತ್ರ ಒಮ್ಮೆ ತೋರಿಸಲಿ. ಆ ದಿನ ನಮ್ಮ ವಿಜಯನಗರ ಸುಟ್ಟುಹೋದರೂ ನೆಮ್ಮದಿಯಿಂದ ಮಲಗುತ್ತೇವೆ.

ಹೊಸ ಆಟದಲ್ಲಿ ಇನ್ನೊಂದು ಸಂಗತಿಯಿದೆ. ವ್ಯಾಪಾರ, ಕಂದಾಯ, ಬೇಕಾದರೆ ಸೈನ್ಯವನ್ನೂ ಆಟಗಾರ ಯಂತ್ರದ ವಶಕ್ಕೆ ಒಪ್ಪಿಸಬಹುದಂತೆ. ಕೆಳಗಿನವರು ಇಟ್ಟ ಟಿಪ್ಪಣಿಗೆ ಸಹಿ ಹಾಕುತ್ತಲೇ ಇಪ್ಪತ್ತು ವರ್ಷ ಕಳೆದ ನಮಗೆ ಇದರಲ್ಲಿ ಹೊಸತೇನೂ ಇಲ್ಲ. ಆದರೆ ಎದುರಾಳಿಯನ್ನು ನಡೆಸುವ ಬುದ್ಧಿಯೇ ನಮ್ಮ ದಂಡನಾಯಕನನ್ನೂ ನಡೆಸುವುದಾದರೆ ಅದು ದಡ್ಡನಾದಷ್ಟೂ ನಮಗೂ ನಷ್ಟ. ಅದಕ್ಕೆ ದಾನ ಕೊಟ್ಟು ಮುಚ್ಚಿಹಾಕುವಂತಿಲ್ಲ. ನಮ್ಮದೇ ಸೈನ್ಯ ಕಣ್ಣೆದುರು ಜೌಗಿನಲ್ಲಿ ಸವೆಯುವುದನ್ನು ನೋಡುತ್ತೇವೆ. ಕಟ್ಟುವವರು ಈ ಸಲ ಬುದ್ಧಿಯ ಮೇಲೆ ಹೆಚ್ಚು ದುಡಿದಿರಬಹುದೆಂಬ ನಮ್ಮ ಆಸೆಗೆ ಇದೇ ಆಧಾರ.

ಲಾರೆನ್ಸ್ ಸ್ಟರ್ನನ 'ಟ್ರಿಸ್ಟ್ರಾಮ್ ಶ್ಯಾಂಡಿ'ಯಲ್ಲಿ ಅಂಕಲ್ ಟೋಬಿ ಎಂಬ ಗಾಯಾಳು ಸೈನಿಕನೊಬ್ಬನಿದ್ದಾನೆ. ಪತ್ರಿಕೆಯಲ್ಲಿ ಮುತ್ತಿಗೆಯ ಸುದ್ದಿ ಬಂದಂತೆಲ್ಲ ಹುಲ್ಲಂಗಳದಲ್ಲಿ ಅದೇ ಕೋಟೆ ಕಟ್ಟಿ ಸೇವಕನೊಂದಿಗೆ ಮುತ್ತುತ್ತಾನೆ. ಅವನು ಎಂದೂ ಸೋಲುವುದಿಲ್ಲ, ಏಕೆಂದರೆ ಎದುರು ಯಾರೂ ಇಲ್ಲ. ತರಗತಿಯಲ್ಲಿ ಓದಿದಾಗ ಬಿದ್ದು ಬಿದ್ದು ನಕ್ಕಿದ್ದೆವು. ಈಗ ನಗು ಬರುವುದಿಲ್ಲ. ಒಪ್ಪಿಕೊಳ್ಳಲೇಬೇಕಾದ ಮಾತೊಂದಿದೆ: ಹಳೆಯ ಆಟದಲ್ಲಿ ಯಂತ್ರ ಅಪರೂಪಕ್ಕೆ ಚೆನ್ನಾಗಿ ಆಡಿ ನಮ್ಮ ಮುಖ್ಯ ಸೈನ್ಯವನ್ನು ಮುರಿದಾಗ, ನಾವು ಸದ್ದಿಲ್ಲದೆ ಹಿಂದಿನ ವರ್ಷ ಉಳಿಸಿಟ್ಟ ಆಟವನ್ನು ಮತ್ತೆ ತೆರೆದು ಕೂರುತ್ತಿದ್ದೆವು. ಯಂತ್ರಕ್ಕೆ ಗುಟ್ಟಿನ ದಾನವೆಂದು ಇಷ್ಟು ಹೊತ್ತು ದೂರಿದ್ದೇವೆ. ನಮ್ಮದು ಅದಕ್ಕಿಂತ ದೊಡ್ಡ ಗುಟ್ಟು.

ನವೆಂಬರ್ 4 ಮಂಗಳವಾರ. ರಜೆ ಕೇಳುವ ಧೈರ್ಯ ಬಂದಿಲ್ಲ, ಶನಿವಾರದವರೆಗೆ ಕಾಯುವುದೇ ಸರಿ. ವಿಜಯನಗರವನ್ನು ಈ ಸಲ ಯಂತ್ರಕ್ಕೇ ಬಿಟ್ಟು, ಅದರ ನೆರೆಯ ಯಾವುದಾದರೂ ಸಣ್ಣ ರಾಜ್ಯ ಹಿಡಿಯಬೇಕೆಂದಿದ್ದೇವೆ. ಮಗ ಪಕ್ಕದಲ್ಲಿ ಕೂರಲು ಒಪ್ಪಿದ್ದಾನೆ. ಹಿಂದಿನ ವರ್ಷಕ್ಕೆ ಮರಳುವಂತಿಲ್ಲ ಎಂಬುದೊಂದೇ ಅವನ ಷರತ್ತು.