ಸೊಟ್ಟಪಾದ ಸರಿಹೋಯಿತು ಎಂದು ಯಾವಾಗ ಬರೆಯಬೇಕು?

ಹುಟ್ಟುವಾಗಲೇ ಪಾದ ಒಳಕ್ಕೆ ತಿರುಚಿಕೊಂಡಿರುವ ಮಗುವಿಗೆ ವಾರಕ್ಕೊಂದರಂತೆ ಐದಾರು ಪ್ಲಾಸ್ಟರ್ ಪಟ್ಟಿ ಹಾಕುತ್ತಾರೆ. ಕೊನೆಯ ಪಟ್ಟಿ ಬಿಚ್ಚಿದ ದಿನ ಪಾದ ನೆಟ್ಟಗೆ ಕಾಣುತ್ತದೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ಎಷ್ಟು ಮಕ್ಕಳಿಗೆ ಪಟ್ಟಿ ಹಾಕಿ ಮುಗಿಸಿದೆವು ಎಂದು ಲೆಕ್ಕ ಕೊಡುವುದೂ ಸುಲಭ. ನನ್ನ ತಕರಾರು ಆ ಲೆಕ್ಕದ ಬಗ್ಗೆ. ಚಿಕಿತ್ಸೆ ಗೆದ್ದಿತೋ ಸೋತಿತೋ ಗೊತ್ತಾಗುವುದು ಮಗುವಿಗೆ ನಾಲ್ಕೈದು ವರ್ಷವಾದಾಗ.

ಇದಕ್ಕೆ ಕ್ಲಬ್‌ಫೂಟ್ ಎನ್ನುತ್ತಾರೆ. ಸುಮಾರು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಇರುತ್ತದೆ. ಗ್ರಹಣದ ಹೊತ್ತಲ್ಲಿ ತಾಯಿ ಹೊರಗೆ ಬಂದಿದ್ದಕ್ಕೆ ಹೀಗಾಯಿತು ಎನ್ನುವವರು ಇನ್ನೂ ಇದ್ದಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಅಮೆರಿಕದ ಅಯೋವಾದಲ್ಲಿದ್ದ ಡಾ. ಇಗ್ನೇಷಿಯೊ ಪೊನ್ಸೆಟಿ ರೂಪಿಸಿದ ವಿಧಾನದಲ್ಲಿ ಪಾದವನ್ನು ಕೈಯಿಂದ ಸ್ವಲ್ಪ ಸ್ವಲ್ಪವೇ ತಿರುಗಿಸಿ ಪಟ್ಟಿ ಹಾಕುತ್ತಾರೆ. ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಹಿಂದಿನ ಬಿಗಿಯನ್ನು ಸಣ್ಣ ಕೊಯ್ತದಿಂದ ಸಡಿಲಿಸಿ, ಮತ್ತೆ ಮೂರು ವಾರ ಪಟ್ಟಿ ಇಡುತ್ತಾರೆ. ಆಮೇಲೆ ಎರಡು ಶೂಗಳನ್ನು ಒಂದು ಕಂಬಿಗೆ ಜೋಡಿಸಿದ ಬ್ರೇಸ್. ಮೊದಲ 3 ತಿಂಗಳು ದಿನಕ್ಕೆ 23 ಗಂಟೆ, ನಂತರ ನಾಲ್ಕು ವರ್ಷ ತುಂಬುವವರೆಗೆ ಮಲಗುವಾಗ ಹಾಕಬೇಕು. ಬಿಟ್ಟರೆ ಪಾದ ಮತ್ತೆ ತಿರುಚಿಕೊಳ್ಳಬಹುದು.

ಈ ನಾಲ್ಕು ವರ್ಷವೇ ಕಷ್ಟದ್ದು. ಯಲಹಂಕ, ಹೆಬ್ಬಾಳದ ಕಡೆ ಕಟ್ಟಡ ಕೆಲಸದ ಶೆಡ್‌ಗಳಲ್ಲಿ ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬಂದ ಕುಟುಂಬಗಳಿವೆ. ಒಂದೇ ಕೋಣೆಯಲ್ಲಿ ಎಲ್ಲರೂ ಮಲಗುವಾಗ ಮಗು ಬ್ರೇಸ್ ಬೇಡವೆಂದು ರಾತ್ರಿಯಿಡೀ ಅತ್ತರೆ ತಾಯಿ ಏನು ಮಾಡಬೇಕು? ಕಾಲು ಬೆಳೆದಂತೆ ಶೂ ಬದಲಿಸಬೇಕು. ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಹೋಯಿತು. ಬಿತ್ತನೆ ಬಂತೆಂದು ಯಶವಂತಪುರದಲ್ಲಿ ರೈಲು ಹತ್ತಿ ಊರಿಗೆ ಹೋದರೆ ಬೆಂಗಳೂರಿನ ಕಡತಕ್ಕೆ ಆ ಮಗು ಮತ್ತೆ ಸಿಗುವುದು ಕಷ್ಟ. ಹಾಗೆ ಕೈತಪ್ಪಿದ ಮಗುವನ್ನು 'ಯಶಸ್ಸು' ಎಂದು ಎಣಿಸಿದರೆ ಅದು ಸುಳ್ಳು ಲೆಕ್ಕ.

ಅಳೆಯಲು ಸಾಧನಗಳಿಲ್ಲ ಎಂದಲ್ಲ. ವೈದ್ಯರು ಬಳಸುವ ಪಿರಾನಿ ಸ್ಕೋರ್‌ನಲ್ಲಿ ಪಾದದ ಆರು ಲಕ್ಷಣ ನೋಡಿ 0ರಿಂದ 6ರವರೆಗೆ ಅಂಕ ಕೊಡುತ್ತಾರೆ. ಅಂಕ ಹೆಚ್ಚಾದಷ್ಟೂ ತಿರುಚು ಹೆಚ್ಚು. ವಾರದಿಂದ ವಾರಕ್ಕೆ ಪಟ್ಟಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಅದು ಒಳ್ಳೆಯದು. ಆದರೆ ಓಡಾಡುವ ಮಗುವಿಗೆ ಬೇರೆ ಪ್ರಶ್ನೆಗಳು ಬೇಕು. ಆಫ್ರಿಕಾದ ಚಿಕಿತ್ಸಕರ ಜೊತೆ ಸೇರಿ ರೂಪಿಸಿದ 'ಆಕ್ಟ್' ಎಂಬ ಅಳತೆಯಲ್ಲಿ ನಾಲ್ಕೇ ವಿಷಯಗಳಿವೆ: ಪಾದ ನೆಲಕ್ಕೆ ಸಮವಾಗಿ ಕೂರುತ್ತದೆಯೇ? ನೋವಿದೆಯೇ? ಇಷ್ಟವಾದ ಚಪ್ಪಲಿ, ಶೂ ಹಾಕಲು ಆಗುತ್ತದೆಯೇ? ಹೆತ್ತವರಿಗೆ ತೃಪ್ತಿಯಿದೆಯೇ? ನಾಲ್ಕರಲ್ಲಿ ಮೂರಕ್ಕೆ ಉತ್ತರ ಕೊಡುವವರು ಹೆತ್ತವರೇ. ನನಗೆ ಹಿಡಿಸಿದ್ದು ಅದು.

ಇದನ್ನು ಇಲ್ಲೂ ಮಾಡಬಹುದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಕ್ಲಬ್‌ಫೂಟ್ ಇದೆ. ಅದರ ತಂಡ ಅಂಗನವಾಡಿಗಳಿಗೆ ಬರುತ್ತದೆ. ಬಂದಾಗ ಈ ನಾಲ್ಕು ಪ್ರಶ್ನೆ ಕೇಳಿ ತಾಯಿ ಕಾರ್ಡಿನಲ್ಲಿ ಬರೆಯಲಿ. ಕಾರ್ಡು ತಾಯಿಯ ಜೊತೆಗೇ ಊರಿಗೆ ಹೋಗುತ್ತದೆ, ಅಲ್ಲಿಯ ಆಶಾ ಕಾರ್ಯಕರ್ತೆ ಮುಂದುವರಿಸಬಹುದು. ವರ್ಷದ ಲೆಕ್ಕದಲ್ಲಿ ಮೂರು ಸಾಲು ಇರಲಿ: ಐದು ವರ್ಷಕ್ಕೆ ಪಾದ ಚೆನ್ನಾಗಿರುವವರು, ಮತ್ತೆ ತಿರುಚಿಕೊಂಡವರು, ಕೈತಪ್ಪಿ ಹೋದವರು. ಮೂರನೇ ಸಾಲು ದೊಡ್ಡದಾಗಿದ್ದರೆ ತಾಯಂದಿರನ್ನು ಬೈಯುವ ಬದಲು ಬಸ್ ಚಾರ್ಜ್, ಹತ್ತಿರದ ಊರಲ್ಲೇ ಹೊಸ ಶೂ ಸಿಗುವ ವ್ಯವಸ್ಥೆ ನೋಡಲಿ.

ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇಂಥ ಮಗುವಿದ್ದರೆ, ಪಾದ ನೆಟ್ಟಗಾಯಿತೆಂದು ಬ್ರೇಸ್ ಅಟ್ಟಕ್ಕೆ ಹಾಕಬೇಡಿ. ಶೂ ಬಿಗಿಯಾಗಿದ್ದರೆ, ಹಿಮ್ಮಡಿ ನೆಲಕ್ಕೆ ತಾಗದಿದ್ದರೆ ತಡ ಮಾಡದೆ ತೋರಿಸಿ. ಮತ್ತೆ ತಿರುಚಿಕೊಂಡರೂ ಬೇಗ ಹೋದರೆ ಪಟ್ಟಿಯಲ್ಲೇ ಸರಿಪಡಿಸಲು ಸಾಧ್ಯವಿದೆ.